ಎರಡೂವರೆ ಸುತ್ತು

ನನ್ನ ಮೈ ಹಲಸಿನ ಮರದ್ದು, ಕತ್ತು ತೇಗದ್ದು. ಹಲಸು ವೀಣೆಗೆಂದು ತಂದಿಟ್ಟಿದ್ದ ಮರ. ತೇಗ ಕಂಟೋನ್ಮೆಂಟಿನಲ್ಲಿ ಯಾವುದೋ ಬಂಗಲೆಯನ್ನು ಕೆಡವಿದಾಗ ಸಿಕ್ಕ ಬಾಗಿಲು. ಬೆಂಗಳೂರಿನ ಬಳೇಪೇಟೆಯಲ್ಲಿ ಹಾರ್ಮೋನಿಯಂ, ತಂಬೂರಿ ರಿಪೇರಿ ಮಾಡುತ್ತಿದ್ದ ಕಾಳಾಚಾರಿ ಎಂಬವರು ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಇವೆರಡನ್ನೂ ಕೂಡಿಸಿ ನನ್ನನ್ನು ಮಾಡಿದರು. ಅದಕ್ಕೆ ಮೊದಲು ಅವರು ಬೇಸ್ ಗಿಟಾರನ್ನು ಕಂಡವರೇ ಅಲ್ಲ. ಕ್ಯಾಲೆಂಡರಿನ ಒಂದು ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು, ಅದನ್ನು ನೋಡಿ ನೋಡಿ ಉಜ್ಜಿದರು. "ನಾಲ್ಕೇ ತಂತೀನಾ? ಪಾಪ, ಬಡವರ ವೀಣೆ" ಎಂದು ನನ್ನನ್ನು ತಟ್ಟಿ ನಕ್ಕರು. ಹೀಗೆ ಹುಟ್ಟಿದ ನಾನು ನೋಡಲು ತುಸು ಸೊಟ್ಟ. ದನಿ ಮಾತ್ರ ಗಟ್ಟಿ.

ನನ್ನನ್ನು ಮಾಡಿಸಿಕೊಂಡವರು ಚೌರಪ್ಪ. ಚಾಮರಾಜಪೇಟೆಯ ಕನ್ನಡ ಕ್ರೈಸ್ತರು, ಆಗ ಮೂವತ್ತರ ಪ್ರಾಯ. ಮಾತು ಮೆತ್ತಗೆ, ಕೈ ಮಾತ್ರ ಉಡದ ಪಟ್ಟು. ಮೊದಲ ದಿನ ಅಂಗಡಿಯಲ್ಲೇ ಕೂತು ನನ್ನ ಕತ್ತಿನ ಮೇಲಿನ ಹಿತ್ತಾಳೆ ಮೆಟ್ಟಿಲುಗಳ ನಡುವೆ ತಂತಿಯನ್ನು ಒತ್ತಿದಾಗ ಸ್ವರ ಕೂದಲೆಳೆಯಷ್ಟು ಮೇಲಕ್ಕೆ ಹೋಯಿತು. ಅವರು ಒತ್ತುತ್ತಿರಲಿಲ್ಲ, ಹಿಂಡುತ್ತಿದ್ದರು. ಅವರು ಕಾಫಿಗೆಂದು ಎದ್ದು ಹೋದಾಗ ಕಾಳಾಚಾರಿಗಳು ತಂತಿಗಳು ಹಾಯುವ ಕುದುರೆಯ ತಿರುಪುಗಳನ್ನು ತಿರುಗಿಸಿ ಅದನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ತಂತಿ ಉದ್ದವಾದಷ್ಟೂ ಸ್ವರ ಇಳಿಯುತ್ತದೆ. ಚೌರಪ್ಪ ಮರಳಿ ಬಂದು ನುಡಿಸಿದಾಗ ಸ್ವರ ನೆಟ್ಟಗೆ ಬಂದು ಕೂತಿತು. ಆಚಾರಿಗಳು ಆ ವಿಷಯ ಬಾಯಿ ಬಿಡಲಿಲ್ಲ. ಗಿರಾಕಿಯ ಕಾಲು ನೋಡಿ ಚಪ್ಪಲಿ ಹೊಲಿದವನು ಅದನ್ನು ಊರಿಗೆಲ್ಲ ಸಾರುತ್ತಾನೆಯೇ? ಹೀಗೆ ನಾನು ಲೋಕದ ಲೆಕ್ಕಕ್ಕೆ ತುಸು ತಪ್ಪಾಗಿ, ಚೌರಪ್ಪನವರ ಕೈಗೆ ಸರಿಯಾಗಿ ಕೂತೆ. ಅದು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬರು ಮೂರು ವರ್ಷದಲ್ಲಿ ತೀರಿಕೊಂಡರು. ಇನ್ನೊಬ್ಬ ನಾನು, ನನಗೆ ಬಾಯಿಲ್ಲ.

ಗಾಂಧಿನಗರದ ಹಿಂದೆ ಒಂದು ಸ್ಟುಡಿಯೋ ಇತ್ತು. ಸಿನಿಮಾ ಹಾಡುಗಳು ಅಲ್ಲಿ ಒಂದೇ ಏಟಿಗೆ ಮುದ್ರಣವಾಗುತ್ತಿದ್ದವು. ಪಿಟೀಲು, ಕೊಳಲು, ತಬಲಾ, ಡ್ರಮ್ಸ್ ಎಂದು ನಲವತ್ತು ಜನ ಒಟ್ಟಿಗೆ ಕೂತು ನುಡಿಸಬೇಕು. ಒಬ್ಬ ಜಾರಿದರೂ ಎಲ್ಲರೂ ಮೊದಲಿನಿಂದ. ಅದಕ್ಕೇ ಅಲ್ಲಿ ಒಂದು ಪದ್ಧತಿ ಇತ್ತು. ಮೇಳ ನಿಂತ ಕೂಡಲೇ ತಪ್ಪಿದವನು ತಾನಾಗಿಯೇ ಕೈ ಎತ್ತಬೇಕು. ಪಕ್ಕದವನು ಬೆರಳು ತೋರಿಸುವಂತಿಲ್ಲ. ಕೈ ಎತ್ತಿದವನನ್ನು ಯಾರೂ ಬೈಯುವಂತೆಯೂ ಇಲ್ಲ. ದೊಡ್ಡ ದೊಡ್ಡ ವಿದ್ವಾಂಸರೂ ಅಲ್ಲಿ ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದ್ದನ್ನು ನಾನು ಕಂಡಿದ್ದೇನೆ.

ಪಿಟೀಲಿನವರಿಗೆಲ್ಲ ಸ್ವರ ಬರೆದ ಹಾಳೆ ಸಿಗುತ್ತಿತ್ತು. ನಮಗೆ ಹಾಳೆಯೂ ಇಲ್ಲ, ಗೀಳೆಯೂ ಇಲ್ಲ. ಮೇಳ ನಡೆಸುತ್ತಿದ್ದ ವೆಂಕೋಬರಾಯರು "ಚೌರಪ್ಪ, ಕೆಳಗೆ ಏನಾದ್ರೂ ಹಾಕಪ್ಪ" ಎಂದರೆ ಮುಗಿಯಿತು. ಆ 'ಏನಾದ್ರೂ' ಅನ್ನು ಚೌರಪ್ಪ ಅಲ್ಲೇ, ಕೂತಲ್ಲೇ ಕಟ್ಟುತ್ತಿದ್ದರು. ಹಾಡು ಓಡಬೇಕೋ, ತೂಗಬೇಕೋ, ಕಾಲೆಳೆಯಬೇಕೋ ಎಲ್ಲ ಅವರ ಎರಡು ಬೆರಳು ತೀರ್ಮಾನಿಸುತ್ತಿದ್ದವು. ಜನ ಹಾಡು ಕೇಳಿ ತಲೆದೂಗುತ್ತಿದ್ದರು. ತಲೆಯನ್ನು ತೂಗಿಸುತ್ತಿರುವವರು ಯಾರೆಂದು ಅವರಿಗೆ ತಿಳಿಯುತ್ತಿರಲಿಲ್ಲ. ರೆಕಾರ್ಡಿನ ಹೊದಿಕೆಯ ಮೇಲೆ ಕವಿಯ ಹೆಸರಿತ್ತು, ಗಾಯಕರ ಹೆಸರಿತ್ತು, ಚೌರಪ್ಪನವರ ಹೆಸರು ಭೂತಗನ್ನಡಿ ಹಿಡಿದರೂ ಸಿಗುತ್ತಿರಲಿಲ್ಲ. ಹೆಂಡತಿ ಫಿಲೋಮಿನಮ್ಮ ಕೆಣಕಿದರೆ ಅವರ ಉತ್ತರ ಒಂದೇ.

"ಮನೆ ನೋಡೋಕೆ ಬಂದೋರು ಪಾಯ ಅಗೆದು ನೋಡ್ತಾರೇನೆ?"

ಅವರದ್ದೊಂದು ಗುಟ್ಟಿತ್ತು. ಪಲ್ಲವಿಗೆ ಮರಳುವ ಮುಂಚೆ ತಾಳದ ಒಂದು ಮಾತ್ರೆಯಷ್ಟು ನನ್ನನ್ನು ಸುಮ್ಮನಿರಿಸುತ್ತಿದ್ದರು. ಒಂದೇ ಒಂದು ಮಾತ್ರೆ. ಪಕ್ಕದಲ್ಲಿ ಕೂತು ಗಿಟಾರ್ ನುಡಿಸುತ್ತಿದ್ದ ಏಕೋಜಿ ಒಮ್ಮೆ ಯಾಕೆಂದು ಕೇಳಿದ. "ಅಲ್ಲಿ ಹಾಡೋ ತಾಯಿ ಉಸಿರು ತಗೋತಾಳೆ ಕಣೋ. ನಾವು ಬಾಗಿಲಿಗೆ ಅಡ್ಡ ನಿಲ್ಬಾರ್ದು" ಎಂದರು.

ಈ ಏಕೋಜಿ ರಾವ್ ಕಾಟನ್‌ಪೇಟೆಯವನು. ಅವನ ಅಪ್ಪ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಕಲಿಸಿ ಎಂದು ಇವನು ಚೌರಪ್ಪನವರನ್ನು ಕೇಳಲಿಲ್ಲ, ಕಲಿಸುತ್ತೇನೆಂದು ಅವರೂ ಹೇಳಲಿಲ್ಲ. ಐದು ವರ್ಷ ಅವರ ಎಡಗೈಯನ್ನೇ ನೋಡುತ್ತ ಕೂತ. ಊಟದ ಬಿಡುವಿನಲ್ಲಿ ನನ್ನನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಅವನ ಬೆರಳು ಹಗುರ, ಹೂವು ಎತ್ತಿದ ಹಾಗೆ. ನಿಜ ಹೇಳಬೇಕೆಂದರೆ ನನಗೆ ಅದು ಹಿತವಾಗಿತ್ತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಎಂಬತ್ತೆಂಟನೇ ಇಸವಿಯ ಒಂದು ಶನಿವಾರ ಏಕೋಜಿ ಯಾವುದೋ ಆರತಕ್ಷತೆಯ ಆರ್ಕೆಸ್ಟ್ರಾಕ್ಕೆಂದು ನನ್ನನ್ನು ಕೇಳಿ ಒಯ್ದ. ಅವನ ಭಾವ ಸಿಂಗಪುರದಿಂದ ಶ್ರುತಿ ತೋರಿಸುವ ಒಂದು ಪುಟ್ಟ ಯಂತ್ರ ತಂದುಕೊಟ್ಟಿದ್ದರು. ಮುಳ್ಳು ನಡುವೆ ನಿಂತರೆ ಸರಿ, ಆಚೀಚೆ ಸರಿದರೆ ತಪ್ಪು. ಭಾನುವಾರ ಬೆಳಿಗ್ಗೆ ನನ್ನನ್ನು ಅದರ ಮುಂದೆ ಕೂರಿಸಿದ. ಖಾಲಿ ತಂತಿ ಸರಿ ಇತ್ತು. ಹನ್ನೆರಡನೇ ಮೆಟ್ಟಿಲಲ್ಲಿ ತನ್ನ ಹಗುರ ಬೆರಳಿಂದ ಒತ್ತಿದ. ಮುಳ್ಳು ನಡುವನ್ನು ಮುಟ್ಟಲಿಲ್ಲ.

"ಅಯ್ಯೋ, ಅಣ್ಣ ಇಷ್ಟು ವರ್ಷ ಇದರಲ್ಲೇ ಒದ್ದಾಡ್ತಿದಾರಲ್ಲ" ಎಂದು ಮರುಗಿ ತಿರುಪುಳಿ ತಂದ. ಕುದುರೆಯ ನಾಲ್ಕು ತಿರುಪುಗಳನ್ನು ಎರಡೂವರೆ ಸುತ್ತು ತಿರುಗಿಸಿದ. ಮುಳ್ಳು ನಡುವೆ ನಿಂತಿತು. ಗುರುವಿಗೆ ಒಂದು ಉಪಕಾರ ಮಾಡಿದೆನೆಂದು ಹಿಗ್ಗಿ ನನ್ನನ್ನು ಒರೆಸಿ ಚೀಲಕ್ಕೆ ಹಾಕಿದ. ಹೇಳಿದರೆ ಅವರಿಗೇ ತಪ್ಪು ತೋರಿಸಿದಂತಾಗುತ್ತದೆಂದು ನನ್ನನ್ನು ಅವರಿಗೆ ಮರಳಿಸುವಾಗ ಹೇಳಲಿಲ್ಲ. ಅಲ್ಲಿಯವರೆಗೆ ಅವನದು ಪ್ರೀತಿಯ ತಪ್ಪು. ಅದಕ್ಕಾಗಿ ನಾನು ಅವನನ್ನು ದೂರುವುದಿಲ್ಲ.

ಸೋಮವಾರದ ಹಾಡಿನಲ್ಲಿ ನನಗೊಂದು ಒಂಟಿ ನಡೆ ಇತ್ತು, ಮೇಲಿನ ಮೆಟ್ಟಿಲುಗಳಲ್ಲಿ. ಉಳಿದವರೆಲ್ಲ ನಿಲ್ಲುತ್ತಾರೆ, ನಾನೊಬ್ಬನೇ ನಾಲ್ಕು ಹೆಜ್ಜೆ ಏರಿ ಇಳಿಯಬೇಕು. ಚೌರಪ್ಪನವರ ಬೆರಳು ಎಂದಿನಂತೆ ಹಿಂಡಿತು. ಸ್ವರ ಮೇಲಕ್ಕೆ ಹಾರಿತು. ವೆಂಕೋಬರಾಯರು ಮೇಳ ನಿಲ್ಲಿಸುವ ಮುಂಚೆಯೇ ಚೌರಪ್ಪನವರಿಗೆ ಅದು ಕೇಳಿಸಿತ್ತು. ಅವರು ಕೈ ಎತ್ತಿದರು. ಬಿರಡೆಗಳನ್ನು ನೋಡಿದರು, ಖಾಲಿ ತಂತಿ ಮೀಟಿದರು, ಎಲ್ಲ ಸರಿ. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲವೂ. ಇಪ್ಪತ್ತು ವರ್ಷದ ಕೈ ತಾನು ಒತ್ತುವ ಬಗೆಯನ್ನು ಒಂದು ಗಂಟೆಯಲ್ಲಿ ಬದಲಿಸುತ್ತದೆಯೇ? ಐದನೇ ಸಲವೂ ಅವರೇ ಕೈ ಎತ್ತಿದರು. ಪಿಟೀಲಿನವರು ನೆಲ ನೋಡುತ್ತ ಕೂತಿದ್ದರು.

ಅವರು ಏಕೋಜಿಯ ಕಡೆ ತಿರುಗಿ, ಸಹಜವಾಗಿ, ಅನುಮಾನವೇ ಇಲ್ಲದ ದನಿಯಲ್ಲಿ ಕೇಳಿದರು.

"ಏಕೋಜಿ, ಇದರಲ್ಲಿ ಏನಾದ್ರೂ ಮುಟ್ಟಿದ್ಯೇನೋ?"

ಏಕೋಜಿಗೆ ಆ ಗಳಿಗೆಯಲ್ಲಿ ಎಲ್ಲ ಅರ್ಥವಾಗಿತ್ತು. ಅವನ ಕಣ್ಣು ನನ್ನ ಕುದುರೆಯ ಮೇಲೇ ಇತ್ತು. ನಲವತ್ತು ಜನ ಅವನನ್ನು ನೋಡುತ್ತಿದ್ದರು.

"ಇಲ್ಲಣ್ಣ" ಎಂದ.

ವೆಂಕೋಬರಾಯರು ಕೆಟ್ಟವರಲ್ಲ, ಅವಸರದಲ್ಲಿದ್ದರು. "ಏಕೋಜಿ, ನೀನೊಂದ್ಸಲ ನುಡಿಸಿ ನೋಡಪ್ಪ. ವಾದ್ಯಾನೇ ಕೆಟ್ಟಿದ್ಯೋ ಏನೋ ಗೊತ್ತಾಗ್ಲಿ" ಎಂದರು. ಅವನು ನನ್ನನ್ನು ಎತ್ತಿಕೊಂಡ. ಒಂಟಿ ನಡೆ ಬಂತು. ಆ ಹಗುರ ಬೆರಳಿನ ಕೆಳಗೆ ನಾಲ್ಕು ಸ್ವರವೂ ಚಿನ್ನದ ಹಾಗೆ ಬಂದವು.

ಆ ದಿನ ನಾನು ಬಿರಡೆ ಸಡಿಲಿಸಿಕೊಳ್ಳಬಹುದಿತ್ತು. ತಂತಿ ಹರಿದುಕೊಳ್ಳಬಹುದಿತ್ತು. ನನ್ನಂಥ ಹಳೆಯ ವಾದ್ಯಕ್ಕೆ ಅದೇನು ಕಷ್ಟವಲ್ಲ. ಬೇಡದ ಹೊತ್ತಿನಲ್ಲಿ ಎಷ್ಟೋ ಸಲ ಮಾಡಿದ್ದೇನೆ. ಒಂದು ಸ್ವರ ಅಪಸ್ವರ ನುಡಿದಿದ್ದರೆ ಸಾಕಿತ್ತು, ದೋಷ ಗಿಟಾರಿನದ್ದೆಂದು ಎಲ್ಲರೂ ಎದ್ದು ಕಾಫಿಗೆ ಹೋಗುತ್ತಿದ್ದರು. ನಾನು ಸರಿಯಾಗಿ ನುಡಿದೆ. ನನ್ನನ್ನು ಮಾಡಿಸಿಕೊಂಡವರ ವಿರುದ್ಧ ನಾನೇ ಸಾಕ್ಷಿ ಹೇಳಿದೆ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ತಾನೇ?

ಚೌರಪ್ಪ ಗೋಡೆಗೆ ಒರಗಿ ನಿಂತು ಪೂರ್ತಿ ಹಾಡು ಕೇಳಿದರು. ಮುಗಿದ ಮೇಲೆ ಖಾಲಿ ಚೀಲವನ್ನು ತಂದು ಏಕೋಜಿಗೆ ಕೊಟ್ಟರು. "ನನ್ನ ಕಿವಿ ಹೋಯ್ತು ಕಣೋ. ಗಿಟಾರ್ ಸರಿಯಾಗೇ ಇದೆ. ನಿನ್ನ ಕೈಲಿ ಚೆನ್ನಾಗಿ ಮಾತಾಡ್ತದೆ, ನೀನೇ ಇಟ್ಕೊ." ಆಗ ಅವರಿಗೆ ಐವತ್ತು. ಮತ್ತೆ ಆ ಸ್ಟುಡಿಯೋದ ಮೆಟ್ಟಿಲು ಹತ್ತಲಿಲ್ಲ. ಚರ್ಚಿನ ಎದುರು ಮೇಣದ ಬತ್ತಿ, ಜಪಸರ ಮಾರುವ ಅಂಗಡಿ ಇಟ್ಟುಕೊಂಡರು.

ಏಕೋಜಿ ದೊಡ್ಡವನಾದ. ಸಾವಿರಾರು ಹಾಡು ನುಡಿಸಿದ. ಅವನು ಹಾಕಿದ್ದೆಲ್ಲ ಚೌರಪ್ಪನವರ ಹೆಜ್ಜೆಯೇ, ಆ ಒಂದು ಮಾತ್ರೆಯ ಮೌನವೂ ಸೇರಿ. ಒಳ್ಳೆಯ ಹಾಡು ಮುಗಿದಾಗಲೆಲ್ಲ ನನ್ನ ಕುದುರೆಯ ಮೇಲೆ ಬೆರಳಾಡಿಸುತ್ತಿದ್ದ. ಆ ತಿರುಪುಗಳನ್ನು ಮತ್ತೆಂದೂ ಮುಟ್ಟಲಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ನನ್ನನ್ನು ಹೆಗಲಿಗೆ ಹಾಕಿಕೊಂಡು ಚಾಮರಾಜಪೇಟೆಗೆ ಹೋಗುತ್ತಿದ್ದ. ಪ್ರತಿ ಸಲ ದಾರಿಯುದ್ದಕ್ಕೂ "ಇವತ್ತು ಹೇಳಿಬಿಡ್ತೀನಿ" ಎಂದು ಗೊಣಗಿಕೊಳ್ಳುತ್ತಿದ್ದ. ಫಿಲೋಮಿನಮ್ಮ ಹಬ್ಬಕ್ಕೆ ಕರಿದ ಕಲಕಲ ಎಂಬ ಸಿಹಿ ತಿಂದು, ಚಹಾ ಕುಡಿದು, ಹೇಳದೆ ಎದ್ದು ಬರುತ್ತಿದ್ದ. ತನ್ನ ಹೊಸ ಹಾಡು ಹೇಗಿದೆಯೆಂದು ಒಮ್ಮೆ ಕೇಳಿದ್ದಕ್ಕೆ ಚೌರಪ್ಪ ನಕ್ಕರು. "ನಡೆ ಚೆನ್ನಾಗಿದೆ. ಶ್ರುತಿ ವಿಷಯ ಮಾತ್ರ ನನ್ನ ಕೇಳ್ಬೇಡಪ್ಪ." ಅಂದು ವಾಪಸು ಬರುವಾಗ ಏಕೋಜಿ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತ. ನಾನು ಪಕ್ಕದಲ್ಲಿ ಒರಗಿದ್ದೆ. ನನಗೆ ಅಳು ಬರುವುದಿಲ್ಲ, ಅದೂ ಒಂದು ಶಿಕ್ಷೆಯೇ.

ಇಪ್ಪತ್ತೆರಡು ವರ್ಷ ಹೀಗೇ ಕಳೆಯಿತು. ಎರಡು ಸಾವಿರದ ಹತ್ತರಲ್ಲಿ ಏಕೋಜಿಗೆ ಒಂದು ಸನ್ಮಾನವಾಯಿತು. ಹಾರ, ಶಾಲು, ಹಣ್ಣಿನ ಬುಟ್ಟಿ. ವೇದಿಕೆ ಇಳಿಯುತ್ತಿದ್ದಂತೆ ಶರಾವತಿ ಎಂಬ ಹುಡುಗಿ ಬಂದು ಕಾಲು ಮುಟ್ಟಿದಳು. ಅವಳೂ ಬೇಸ್ ನುಡಿಸುವವಳು.

"ಸರ್, ಪಲ್ಲವಿಗೆ ಮುಂಚೆ ಒಂದು ಮಾತ್ರೆ ಬಿಡ್ತೀರಲ್ಲ, ನಾವೆಲ್ಲ ಅದನ್ನೇ ಮಾಡೋದು. ನಮ್ಮಲ್ಲಿ ಅದಕ್ಕೆ ಏಕೋಜಿ ಸರ್ ಉಸಿರು ಅಂತಾನೇ ಹೆಸರು."

"ಅದು ನನ್ನದಲ್ಲಮ್ಮ. ಚೌರಪ್ಪಣ್ಣ ಅಂತ ಇದಾರೆ, ಅವರದ್ದು."

"ಇದಾರಾ? ಮತ್ತೆ ಯಾಕೆ ನುಡಿಸೋದು ಬಿಟ್ರು ಸರ್?"

 ಏಕೋಜಿ ಕೊರಳಿನ ಹಾರ ತೆಗೆದು ಕುರ್ಚಿಯ ಮೇಲಿಟ್ಟ.

ಮರುದಿನ ಬೆಳಿಗ್ಗೆಯೇ ಚಾಮರಾಜಪೇಟೆಗೆ ಹೊರಟೆವು. ಕ್ರಿಸ್‌ಮಸ್ಸಿಗೆ ಇನ್ನೂ ಮೂರು ತಿಂಗಳಿತ್ತು. ಕದ ತೆರೆದ ಫಿಲೋಮಿನಮ್ಮ "ಏನಪ್ಪ, ಹಬ್ಬ ಇಲ್ದೇ ಬಂದಿದ್ಯ?" ಎಂದರು. ಅವನು ಒಳಗೆ ಬಂದು ಚೌರಪ್ಪನವರ ಕಾಲ ಬಳಿ ನೆಲದ ಮೇಲೆ ಕೂತ. ಚಹಾ ಬೇಡವೆಂದ. ಎಲ್ಲವನ್ನೂ ಹೇಳಿದ. ಭಾವ ತಂದ ಯಂತ್ರ, ಮುಳ್ಳು, ತಿರುಪುಳಿ.

"ಎರಡೂವರೆ ಸುತ್ತು ಅಣ್ಣ. ಅಷ್ಟೇ ನಾನು ಮಾಡಿದ್ದು. ನೀವು ಕೇಳಿದಾಗ ಸುಳ್ಳು ಹೇಳಿದೆ."

ಚೌರಪ್ಪ ನನ್ನನ್ನು ಅವನ ಮುಂದಕ್ಕೆ ಸರಿಸಿದರು. ಆಮೇಲೆ "ತಿರುಗಿಸು" ಎಂದರು. ಏಕೋಜಿ ಜೇಬಿನಿಂದ ತಿರುಪುಳಿ ತೆಗೆದು ತಿರುಪುಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿದ. ಚೌರಪ್ಪ ನನ್ನನ್ನು ಎತ್ತಿಕೊಂಡರು. ಎಪ್ಪತ್ತೆರಡರ ಕೈ, ಗೆಣ್ಣುಗಳು ಊದಿದ್ದವು, ಬಿಗಿ ಮಾತ್ರ ಅದೇ. ಹನ್ನೆರಡನೇ ಮೆಟ್ಟಿಲಲ್ಲಿ ಹಿಂಡಿದರು. ಸ್ವರ ಬಂದು ತನ್ನ ಜಾಗದಲ್ಲಿ ನೆಟ್ಟಗೆ ಕೂತಿತು. ಆ ಕೈಯ ಕೆಳಗೆ ನಾನು ಸರಿಯಾಗಿ ನುಡಿದು ಇಪ್ಪತ್ತೆರಡು ವರ್ಷವಾಗಿತ್ತು. ಸಂತೋಷಪಡುವ ಹಕ್ಕು ನನಗೆ ಉಳಿದಿರಲಿಲ್ಲ.

ಅವರು ಬೈಯಲಿಲ್ಲ. ನನ್ನನ್ನು ಮಂಚದ ಮೇಲೆ ಮಲಗಿಸಿ, ತಮ್ಮ ಅಂಗೈಯನ್ನು ನೋಡುತ್ತ ಹೇಳಿದರು.

"ಗಿಟಾರ್ ಹೋದ್ರೆ ಹೋಗ್ಲಿ ಕಣೋ. ಈ ಇಪ್ಪತ್ತೆರಡು ವರ್ಷ ನಾನು ಚರ್ಚಿನ ಪೂಜೇಲಿ ಒಂದು ಸಲಾನೂ ಹಾಡಿಲ್ಲ. ನನ್ನ ಅಪಸ್ವರದಿಂದ ಪಕ್ಕದೋರ ಪ್ರಾರ್ಥನೆ ಕೆಡಬಾರ್ದು ಅಂತ. ಎಲ್ಲರೂ ಹಾಡೋರು, ನಾನು ಬರೀ ತುಟಿ ಆಡಿಸ್ತಿದ್ದೆ. ನನ್ನ ಮಗಳ ಮದುವೇಲೂ ಅಷ್ಟೇ."

ಫಿಲೋಮಿನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಅದು ಗೊತ್ತಿರಲಿಲ್ಲವೆಂದು ಅವರ ಮುಖ ಹೇಳುತ್ತಿತ್ತು. ಏಕೋಜಿ ನೆಲಕ್ಕೆ ಹಣೆ ಹಚ್ಚಿ ಅಳುತ್ತಿದ್ದ. ಚೌರಪ್ಪ ಅವನ ಬೆನ್ನ ಮೇಲೆ ಕೈ ಇಡಲು ಹೋಗಿ ಹಿಂದಕ್ಕೆ ಎಳೆದುಕೊಂಡರು. "ಈಗ ಹೋಗು. ಗಿಟಾರ್ ಇಲ್ಲೇ ಇರ್ಲಿ. ನಾನಾಗಿ ಕರೆದಾಗ ಬಾ" ಎಂದರು. ಇನ್ನೂ ಕರೆದಿಲ್ಲ.

ಈಗ ನಾನು ಅವರ ಹಜಾರದಲ್ಲಿ, ಬೀರು ಮತ್ತು ಗೋಡೆಯ ನಡುವಿನ ಮೂಲೆಯಲ್ಲಿದ್ದೇನೆ. ಊದಿದ ಗೆಣ್ಣುಗಳಿಂದ ಅವರು ಹೆಚ್ಚು ಹೊತ್ತು ನುಡಿಸಲಾರರು. ಊರಿನಲ್ಲಿ ಯಾವ ಹಾಡು ಕೇಳಿಬಂದರೂ ಅದರ ತಳದಲ್ಲಿ ಅವರ ಹೆಜ್ಜೆಯೇ ಇದೆ. ಆ ಹೆಜ್ಜೆ ಹಾಕುತ್ತಿರುವವರು ಅವರ ಮುಖ ಕಂಡಿಲ್ಲ. ಇಷ್ಟು ದೊಡ್ಡ ಪಾಯವನ್ನು ಕಟ್ಟಿದವರು ಒಂದು 'ಇಲ್ಲಣ್ಣ'ಕ್ಕೆ ಕುಸಿದರು. ಆ ಸುಳ್ಳನ್ನು ಆಡಿದವನು ಏಕೋಜಿ, ಅದಕ್ಕೆ ಶ್ರುತಿ ಹಿಡಿದವನು ನಾನು. ಅವನು ಹೇಳಿಕೊಂಡು ಹಗುರಾದನೋ ಇಲ್ಲವೋ ತಿಳಿಯದು. ನಾನಂತೂ ಆಗಿಲ್ಲ.

ಏಕೋಜಿ ಬಂದು ಹೋದ ವಾರದ ಭಾನುವಾರ ಚೌರಪ್ಪ ಪೂಜೆ ಮುಗಿಸಿ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಹಿಂದೆಯೇ ಬಂದ ಫಿಲೋಮಿನಮ್ಮನ ಕಣ್ಣು ಒದ್ದೆಯಾಗಿತ್ತು.

"ಇವತ್ತು ಹಾಡಿದ್ರಲ್ಲ. ಎಲ್ಲಾರೂ ತಿರುಗಿ ನೋಡಿದ್ರು."

"ಗಂಟಲು ತುಕ್ಕು ಹಿಡಿದಿದೆ ಫಿಲೋ. ಮೊದಲ್ನೇ ಸಾಲು ಅರ್ಧ ಸ್ವರ ಕೆಳಗೆ. ಎರಡನೇದು ಅದಕ್ಕಿಂತ ಕೆಳಗೆ. ಕೊನೇದಂತೂ ಕೇಳ್ಬೇಡ." ಅವರು ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿ, ಮೆಲ್ಲಗೆ ತೆಗೆದರು. "ಒಂದೊಂದು ತಪ್ಪೂ ಸ್ಪಷ್ಟವಾಗಿ ಕೇಳಿಸ್ತು ಕಣೆ."