ಮಲಗಿದ್ದಲ್ಲೇ ಬೀದಿ

ಅಕ್ಕ ಪರದೆ ತೂಗುಹಾಕಲು ಸ್ಟೂಲ್ ಹತ್ತಿ, ಕಾಲು ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡಳು. ಊರವರ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಟ್ಟ ದರ್ಜಿ ಅವಳು. ತನ್ನ ಮನೆಗೆ ಹೊಲಿದುಕೊಂಡ ಮೊದಲ ಪರದೆ ಅದು. "ಮೂಳೆ ಕೂಡಿಕೊಳ್ಳೋವರೆಗೂ ಅಂಗಾತ ಮಲಗಿರಬೇಕು. ಎದ್ದು ಕೂತರೆ ಕೆಲಸ ಕೆಟ್ಟ ಹಾಗೇ," ಅಂದರು ಡಾಕ್ಟರು. ನಾನು ಔಷಧಿ ಅಂಗಡಿಯಲ್ಲಿ ಮಧ್ಯಾಹ್ನದ ಪಾಳಿ ಕೇಳಿ ಪಡೆದು, ನಾಲ್ಕು ಬಟ್ಟೆ ತುಂಬಿಕೊಂಡು ಅವಳ ಮನೆಗೆ ಬಂದೆ.

ಬಂದ ಮೇಲೆ ಅಕ್ಕನಿಗಿಂತ ಭಾವನ ಚಿಂತೆಯೇ ಹೆಚ್ಚಾಯಿತು. ನೀರಿನ ಮೀಟರ್ ನೋಡಿ ಬರೆದುಕೊಳ್ಳುತ್ತ ವಯಸ್ಸೆಲ್ಲ ಮನೆಮನೆ ಸುತ್ತಿದ ಮನುಷ್ಯ. ಕೆಲಸದಿಂದ ನಿವೃತ್ತಿಯಾಗಿತ್ತು, ಕಾಲಿಗೆ ಆಗಿರಲಿಲ್ಲ. ಜೊತೆಯವರು ಅವರಿಗೆ ಬುಗುರಿ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅಕ್ಕನ ಪಕ್ಕ ಕುರ್ಚಿ ಹಾಕಿ ಕೂರಿಸಿದರೆ, ಕಾಫಿ ಆರುವ ಮೊದಲೇ ಎದ್ದು ನಲ್ಲಿ ಭದ್ರವಾಗಿದೆಯಾ, ಚಿಲಕ ಬಿದ್ದಿದೆಯಾ ಅಂತ ನೋಡಲು ಹೊರಟುಬಿಡುತ್ತಿದ್ದರು.

"ಒಂದು ಕಡೆ ಕೂತ್ಕೊಳ್ರೀ. ಮಲಗಿರೋಳಿಗೆ ತಲೆ ಸುತ್ತತ್ತೆ," ಅನ್ನುತ್ತಿದ್ದಳು ಅಕ್ಕ.

"ಕೂತೇ ಇದ್ದೀನಲ್ಲ," ಅನ್ನುತ್ತ ಅವರು ಅಡುಗೆಮನೆ ದಾಟಿರುತ್ತಿದ್ದರು.

ಒಂದು ಬೆಳಗ್ಗೆ ಭಾವ ಪ್ರೊಜೆಕ್ಟರ್ ಹಿಡಿದುಕೊಂಡು ಬಂದರು, ಹಿಂದೆಯೇ ಅದನ್ನು ಕೂರಿಸುವ ಮೆಕ್ಯಾನಿಕ್. ಗೋಡೆಯ ಟೀವಿ ನೋಡಬೇಕೆಂದರೆ ಅಕ್ಕ ಕತ್ತು ಎತ್ತಬೇಕು, ಎತ್ತುವ ಹಾಗಿಲ್ಲ. ಛಾವಣಿ ಬೆಳ್ಳಗೆ ಖಾಲಿ ಬಿದ್ದಿದೆ, ಸಿನಿಮಾ ಅಲ್ಲೇ ಬೀಳಲಿ ಅನ್ನೋದು ಭಾವನ ಯೋಚನೆ. ಮೆಕ್ಯಾನಿಕ್ ಮಂಚದ ಪಕ್ಕ ಗಿಡ್ಡ ಸ್ಟ್ಯಾಂಡ್ ಇಟ್ಟು, ಯಂತ್ರದ ಮುಖ ಮೇಲಕ್ಕೆ ಮಾಡಿ ಬಿಗಿದ.

"ಸುತ್ತ ಗಾಳಿಯಾಡೋಕೆ ಜಾಗ ಬಿಡಿ ಸಾರ್. ಬೆಳಕು ಕಡಿಮೆ ಮಾಡಿ ಇಟ್ಕೊಳ್ಳಿ. ಧೂಳಿನ ಜಾಲರಿ ಆಗಾಗ ಬಿಚ್ಚಿ ಒರೆಸ್ತಾ ಇರಿ. ಆಫ್ ಮಾಡಿದ ತಕ್ಷಣ ಪ್ಲಗ್ ಕೀಳಬೇಡಿ, ಒಳಗಿನ ಫ್ಯಾನ್ ನಿಲ್ಲಲಿ. ಮೇಲಿನ ಮಹಡಿ ನೋಡಿ, ಸಂಜೆಗೂ ಕಾಂಕ್ರೀಟು ಕಾವು ಉಗುಳ್ತಿರತ್ತೆ. ಬೆಳಗ್ಗೆ ಹೊತ್ತು ಹಾಕಿದ್ರೆ ತೊಂದ್ರೆ ಇಲ್ಲ."

"ಆಯ್ತಾಯ್ತು," ಅಂದರು ಭಾವ. ಆಗ ಅವರು ಸ್ಟ್ಯಾಂಡಿನ ಕಾಲು ಅಲುಗುತ್ತಿದೆಯೆಂದು ಕೆಳಗೆ ಕಾಗದ ಮಡಚಿ ತುರುಕುತ್ತಿದ್ದರು. ಹೇಳಿದ್ದು ಒಂದೂ ಕಿವಿಗೆ ಬಿದ್ದಿರಲಿಲ್ಲ.

ಅಂದೇ ಸಂಜೆ ಸಿನಿಮಾ ಹಾಕಿದರು. ಹೊರಗೆ ಎಲೆ ಅಲುಗುತ್ತಿರಲಿಲ್ಲ, ಮಂಚದ ಕಬ್ಬಿಣ ಮುಟ್ಟಿದರೆ ಬೆಚ್ಚಗಿತ್ತು. ಛಾವಣಿಯ ಮೇಲೆ ನಾಯಕ ಇನ್ನೇನು ಬಾಗಿಲು ತಟ್ಟಬೇಕು, ಯಂತ್ರದಲ್ಲಿ ಕೆಂಪು ದೀಪ ಹತ್ತಿ ಎಲ್ಲ ಕತ್ತಲಾಯಿತು. ಮರುದಿನವೂ ಅದೇ ಕಥೆ. ಭಾವ ಧೂಳಾಗದಿರಲಿ ಎಂದು ಟವೆಲ್ ಹೊದಿಸಿದರು; ಯಂತ್ರ ಇನ್ನೂ ಬೇಗ ಬಿಸಿಯಾಯಿತು. ಟವೆಲ್ ಒದ್ದೆ ಮಾಡಿ ತಂದಾಗ ನಾನು ಕಿರುಚಿ ಕಸಿದುಕೊಂಡೆ. ಜಾಲರಿ ಬಿಚ್ಚಿ ಉಫ್ ಅಂತ ಊದಿದರು, ಧೂಳೆಲ್ಲ ಅಕ್ಕನ ಮುಖಕ್ಕೆ. ಅವಳು ಸೀನುವ ಹಾಗೂ ಇರಲಿಲ್ಲ, ಸೀನಿದರೆ ಬೆನ್ನಲ್ಲಿ ಜೀವ ಹೋಗುವಷ್ಟು ನೋವು.

ಭಾವನ ಮುಖ ಮಾತ್ರ ಗೆಲುವಾಗಿತ್ತು. ಯಂತ್ರದ ಕಾಯಿಲೆಗೆ ಏನಾದರೂ ಮಾಡಬಹುದಿತ್ತು. ಅಕ್ಕನ ಬೆನ್ನಿಗೆ ಅವರಿಂದ ಏನು ಮಾಡಲಾಗುತ್ತಿತ್ತು?

ಒಂದು ಸಂಜೆ ನಾನು ಅಂಗಡಿಯಿಂದ ಬಂದಾಗ ಕೋಣೆಯಲ್ಲಿ ಸಿನಿಮಾ ಓಡುತ್ತಿತ್ತು. ಅಕ್ಕನ ದಿಂಬು ಬೆವರಿಗೆ ತೊಯ್ದು ತೊಪ್ಪೆಯಾಗಿತ್ತು. ಟೇಬಲ್ ಫ್ಯಾನ್ ಅವಳಿಗೆ ಬೆನ್ನು ಹಾಕಿ ಪ್ರೊಜೆಕ್ಟರಿಗೆ ಗಾಳಿ ಬೀಸುತ್ತಿತ್ತು.

"ಇದೇನಕ್ಕ!"

"ಅದಕ್ಕೆ ಜ್ವರ ಬಂದಿದೆಯಂತೆ ಕಣೇ. ನಂಗೇನಾಗಿದೆ, ಬರೀ ಬೆನ್ನು ತಾನೇ."

ಸ್ಕ್ರೂಡ್ರೈವರ್ ಹಿಡಿದು ಬಾಗಿಲಿಗೆ ಬಂದ ಭಾವನಿಗೆ ಅದು ಕೇಳಿಸಿತು. ಫ್ಯಾನನ್ನು ಅಕ್ಕನ ಕಡೆ ತಿರುಗಿಸಿದರು, ದಿಂಬಿನ ಬಟ್ಟೆ ಬದಲಿಸಿದರು, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಅವರು ಮೆಟ್ಟಿಲಿಳಿಯುವ ಹೊತ್ತಿಗೆ ಯಂತ್ರ ತನ್ನಷ್ಟಕ್ಕೆ ಆರಿತು.

ಮರುದಿನ ಬೆಳಗ್ಗೆ ಅಕ್ಕನೇ ಮಾತು ತೆಗೆದಳು. "ನಿಮ್ಮ ಕೈಲಿ ಕೂರೋಕಾಗಲ್ಲ, ನನ್ನ ಕೈಲಿ ಏಳೋಕಾಗಲ್ಲ. ಸಿನಿಮಾ ಸಾಕು ಕಣ್ರೀ. ಫೋನ್ ಹಿಡ್ಕೊಂಡು ಹೊರಗೆ ಹೋಗಿ. ನೀವು ಕಂಡಿದ್ದು ನಂಗೂ ಕಾಣೋ ಹಾಗೆ ಮಾಡಿ."

ಭಾವ ಆಮೇಲೆ ತೂಗುಹಾಕಿದ್ದ ಪರದೆ ಎಳೆದು ಕೋಣೆ ಕತ್ತಲು ಮಾಡಿ, ಅಕ್ಕನ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿದೆ. ಭಾವ ಕೆಳಗಿನಿಂದ ವೀಡಿಯೋ ಕರೆ ಮಾಡಿದರು. ಛಾವಣಿಯ ತುಂಬ ನಮ್ಮ ಬೀದಿ ಮೂಡಿತು. ಹಾಲಿನ ಗಾಡಿ, ಬಣ್ಣ ಕಿತ್ತ ಗೇಟು, ಬೈಕಿನ ಸೀಟಿನ ಮೇಲೆ ಮಲಗಿದ ಬೆಕ್ಕು.

"ಫೋನ್ ಅಲುಗಿಸಬೇಡಿ. ಎಡಕ್ಕೆ... ಅಯ್ಯೋ, ಅದು ನಿಮ್ಮ ಬಲ! ಆ ಹೆಂಗಸಿನ ಅಂಗಿಯ ಕತ್ತು ನಾನೇ ಹೊಲಿದಿದ್ದು, ನೋಡೇ!"

ತಂಪು ಹೊತ್ತಾದ್ದರಿಂದ ಯಂತ್ರ ತಕರಾರು ಮಾಡಲಿಲ್ಲ. ಬೆಳಗಿನ ಸುತ್ತಾಟ ದಿನದ ಅಭ್ಯಾಸವಾಯಿತು. ತರಕಾರಿಯವಳ ಜೊತೆ ಅಕ್ಕ ಮಲಗಿದ್ದಲ್ಲಿಂದಲೇ ಚೌಕಾಸಿ ಮಾಡಿದಳು. ಅಕ್ಕನ ಹೊಲಿಗೆ ಅಂಗಡಿಯ ಕಡೆ ಮಾತ್ರ ಭಾವ ಯಾಕೋ ಹೋಗುತ್ತಲೇ ಇರಲಿಲ್ಲ. ಒಂದು ದಿನ ಅವಳು ಹಟ ಹಿಡಿದಳು.

ಆ ದಿನ ಅವರು ಹೋದರು. ಮುಚ್ಚಿದ ಶಟರ್ ಛಾವಣಿಗೆ ಬಂತು. ಅದರ ಮೇಲೆ ಯಾರೋ ಕಾಗದ ಅಂಟಿಸಿದ್ದರು: ಈ ಅಂಗಡಿ ಮುಚ್ಚಿದೆ. ಹೊಲಿಗೆಗೆ ಎದುರು ಅಂಗಡಿಗೆ ಬನ್ನಿ. ಒಂದೊಂದು ಅಕ್ಷರವೂ ಮೊಳದುದ್ದ.

"ಯಾರ್ರೀ ಅದು? ಯಾವಾಗ ಅಂಟಿಸಿದ್ದು? ನಿಮಗೆ ಗೊತ್ತಿತ್ತಾ?"

ಭಾವ ಫೋನನ್ನು ನೆಲದ ಕಡೆ ಬಗ್ಗಿಸಿಬಿಟ್ಟರು. ಗೊತ್ತಿತ್ತು ಅಂತಲೇ ಅರ್ಥ.

ಅಕ್ಕ ಎರಡೂ ಮೊಣಕೈ ಊರಿ ಏಳಲು ಹೋದಳು. ನೋವಿಗೆ ಚೀರಿದಳು. ನಾನು ಭುಜ ಒತ್ತಿ ಹಿಡಿದೆ. "ಬಿಡೇ ನನ್ನ! ನಾನು ಹೋಗಬೇಕು!" ಎಷ್ಟು ದಿನದಿಂದ ಒಳಗೆ ತಡೆದಿಟ್ಟ ಕಸುವೋ, ನನ್ನನ್ನೇ ನೂಕುತ್ತಿದ್ದಳು.

ಚೀರಿದ್ದು ಫೋನಿನಲ್ಲಿ ಭಾವನಿಗೂ ಕೇಳಿಸಿತ್ತು. ಅವರು ಓಡತೊಡಗಿದರು. ಕರೆ ಕತ್ತರಿಸುವುದು ಮರೆತಿತ್ತು. ಛಾವಣಿಯ ಮೇಲೆ ಚಪ್ಪಲಿ, ಆಕಾಶ, ಚರಂಡಿ, ಯಾರದೋ ಮೊಣಕಾಲು, ಮತ್ತೆ ಆಕಾಶ. ಏದುಸಿರಿನ ಸದ್ದು ಕೋಣೆಯ ತುಂಬ. ಒಂದು ಕಾರಿನ ಮುಂಭಾಗ ದೊಡ್ಡದಾಗಿ ಬಂದು ಪಕ್ಕಕ್ಕೆ ಸರಿಯಿತು.

ಅಕ್ಕ ಕೈಕಾಲು ಬಡಿಯುವುದನ್ನು ನಿಲ್ಲಿಸಿದಳು. "ನಿಧಾನ ರೀ! ಗಾಡಿ ಬರ್ತಿದೆ, ನಿಧಾನ!" ಅಂತ ಛಾವಣಿಗೆ ಕೂಗಿದಳು. ನಮ್ಮ ಮೆಟ್ಟಿಲು ಕಾಣಿಸಿಕೊಂಡಿತು, ಆಮೇಲೆ ನಮ್ಮದೇ ಬಾಗಿಲು. ಭಾವ ಒಳಗೆ ಬಂದರು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಎದ್ದಳಾ? ಎದ್ದುಬಿಟ್ಟಳಾ?"

"ಇಲ್ಲ ಭಾವ, ಹಿಡಿದಿದ್ದೆ."

ನೀರು ಕುಡಿದವರೇ ಮತ್ತೆ ಬಾಗಿಲ ಕಡೆ ತಿರುಗಿದರು. "ಆ ಕಾಗದ ಈಗಲೇ ಕಿತ್ತು ಬರ್ತೀನಿ."

ಅಕ್ಕ ಅಂಗಿಯ ತುದಿ ಹಿಡಿದೆಳೆದಳು. "ಕೂತ್ಕೊಳ್ಳಿ. ಅದೇನು ಓಡಿಹೋಗಲ್ಲ."

ಕೂತರು. ಕಾಲು ನೆಲ ಬಡಿಯುತ್ತಲೇ ಇತ್ತು, ಆದರೂ ಕೂತರು. "ಹೇಳಿದ್ರೆ ಎದ್ದುಬಿಡ್ತೀಯ ಅಂತ ಹೇಳಲಿಲ್ಲ," ಅಂದರು ತಲೆ ತಗ್ಗಿಸಿ.

"ಎದ್ದೇಬಿಡ್ತಿದ್ದೆ," ಅಂದಳು ಅಕ್ಕ.

ಅಂದೇ ಡಾಕ್ಟರು ಮನೆಗೆ ಬಂದು ನೋಡಿ, ಹೊಸ ಪೆಟ್ಟೇನೂ ಆಗಿಲ್ಲ ಅಂದರು. ಮರುದಿನ ಭಾವ ಶಟರ್ ಎತ್ತಿದರು. ಕಾಗದ ಕೀಳುವಾಗ ಎದುರು ಅಂಗಡಿಯ ದರ್ಜಿ ಬಂದ. "ಮುಚ್ಚೇಬಿಟ್ರು ಅಂದ್ಕೊಂಡೆ," ಅಂತ ತೊದಲಿದ.

"ಬೆನ್ನು ಮುರಿದಿರೋದಪ್ಪ, ಕೈಯಲ್ಲ," ಅಂದಿತು ಭಾವನ ಫೋನು. ಅವನು ಬೆಚ್ಚಿ ಹಿಂದೆ ಸರಿದ.

ಅಂದಿನಿಂದ ಅಂಗಡಿ ಬೆಳಗ್ಗೆ ಸ್ವಲ್ಪ ಹೊತ್ತು ತೆರೆದಿರುತ್ತಿತ್ತು. ಬಂದವರಿಗೆ ಅಕ್ಕ ಫೋನಿನಲ್ಲೇ ಹೇಳುತ್ತಿದ್ದಳು: ಕಾಯುವುದಾದರೆ ಬಟ್ಟೆ ಇರಲಿ, ಇಲ್ಲವಾದರೆ ತಗೊಂಡುಹೋಗಿ. ಕೆಲವರು ತಗೊಂಡುಹೋಗಿ ನೇರ ಎದುರು ಅಂಗಡಿಗೆ ಹತ್ತಿದರು. ಭಾವ ಥಟ್ಟನೆ ಫೋನನ್ನು ಗೋಡೆಗೆ ತಿರುಗಿಸುತ್ತಿದ್ದರು. "ತೋರಿಸ್ರೀ, ನಂಗೆಲ್ಲ ಕಂಡಿತು," ಅನ್ನುತ್ತಿದ್ದಳು ಅವಳು.

ಡಾಕ್ಟರು ಏಳಲು ಬಿಟ್ಟಾಗ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಅಂಗಡಿಗೆ ಹೋದಳು. ಸೆಖೆ ಒಂದಿಷ್ಟೂ ಇಳಿದಿರಲಿಲ್ಲ. ಒಂದು ತೋಳು ಹೊಲಿಯುವಷ್ಟರಲ್ಲಿ ಬೆನ್ನು ಸೆಳೆಯಿತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿದಳು, ನಾನು ತಲೆಯಡಿಗೆ ಬಟ್ಟೆಯ ಸುರುಳಿ ಇಟ್ಟೆ. ಭಾವ ಶಟರನ್ನು ಅರ್ಧ ಇಳಿಸಿ, ಹೊರಗೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತ, ಬಂದವರಿಗೆಲ್ಲ ಹೇಳುತ್ತಿದ್ದರು: "ಒಳಗಿದ್ದಾಳೆ, ಇನ್ನೊಂಚೂರು ತಾಳಿ, ಈಗ ಏಳ್ತಾಳೆ."