ಅಕ್ಕ ಕೇಳುವುದಿಲ್ಲ

ಮತ್ತೆ ಆರಿತು ನೀಲಿ ದೀಪ — ಗುಂಡಿ ಒತ್ತಿದರೆ ನಾಲ್ಕೂ ಚುಕ್ಕಿ ಹೊತ್ತಿಕೊಳ್ಳುತ್ತವೆ, ಹೊಟ್ಟೆ ತುಂಬಿದೆ ಎಂದರ್ಥ, ಆದರೂ ಅಕ್ಕನ ಕಿವಿ ಮಿಷನ್ನಿನ ಚಾರ್ಜಿಂಗ್ ಡಬ್ಬಿಗೆ ಸಿಕ್ಕಿಸಿದರೆ ಸ್ವಲ್ಪ ಹೊತ್ತಿಗೇ ಮಲಗಿಬಿಡುತ್ತದೆ ಈ ಪವರ್ ಬ್ಯಾಂಕ್, ಕುಂಭಕರ್ಣನ ಸಂತಾನ, ಕರೆಂಟು ಬೆಳಿಗ್ಗೆಯೇ ಹೋಗಿದೆ, ಹೊಲಿಗೆ ಮಿಷನ್ನೂ ಸುಮ್ಮನೆ ಕೂತಿದೆ, ಅಕ್ಕನ ಮಗಳು ಹೆರಿಗೆ ಆಸ್ಪತ್ರೆಯಲ್ಲಿ, ಯಾವ ಗಳಿಗೆಯಲ್ಲಾದರೂ ಅಳಿಯನ ಫೋನು ಬಂದೀತು, ಮಗು ಅತ್ತ ತಕ್ಷಣ ಕೇಳಿಸ್ತೀನಿ ಅತ್ತೆ ಅಂದಿದ್ದಾನೆ, ಅತ್ತೆಯ ಕಿವಿಯೋ ಡಬ್ಬಿಯೊಳಗೆ ಸತ್ತು ಬಿದ್ದಿದೆ. ವೈರು ಬದಲಿಸಿದೆ, ತೂತಿನೊಳಗೆ ಊದಿದೆ, ದರ್ಜಿಯ ಕೈ, ಸೂಜಿ ತೂರಿಸಲು ಹೋಯಿತು, ಶಾರ್ಟ್ ಆದೀತೆಂದು ಬೆಂಕಿಕಡ್ಡಿಯಿಂದ ಕೆದಕಿದೆ, ಕೆಂಪು ನೂಲಿನ ಜುಂಗು ಬಂತು, ಯಾರ ಅಂಗಿಯದೋ, ಹಾಳಾದ್ದು ಇದೇ ಅಂದುಕೊಂಡೆ, ಅಲ್ಲ, ಮತ್ತೆ ಆರಿತು. ಬಿಡೇ, ನಂಗ್ಯಾಕೆ, ನೀನು ಕೇಳ್ಕೊಂಡು ಹೇಳಿದ್ರೆ ಸಾಕು, ಅನ್ನುತ್ತಾ ಗೋಡೆಗೊರಗಿ ಅಂಗಿಗೆ ಗುಂಡಿ ಹಚ್ಚುತ್ತಿದ್ದಾಳೆ ಅಕ್ಕ, ಯಾವಾಗಲೂ ಇದೇ, ಚಿಕ್ಕಂದಿನಲ್ಲಿ ನಾವೆಲ್ಲ ತಟ್ಟೆ ಬಡಿಯುವಾಗ ಇವಳು ಸುಮ್ಮನೆ, ಅಳುವ ಮಗುವಿಗೆ ತಾನೇ ಹಾಲು, ಜ್ವರ ಬಂದು ಕಿವಿ ಮಂದವಾಗಿದೆ ಎಂದು ಗೊತ್ತಾಗುವುದಕ್ಕೇ ವರ್ಷ ಹಿಡಿಯಿತು, ಅಮ್ಮ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳೋಳು, ನಮ್ಮ ದೊಡ್ಡೋಳು ಏನೂ ಕೇಳಲ್ಲ, ಬಂಗಾರ.

ಪಕ್ಕದಂಗಡಿಯ ಮೊಬೈಲ್ ರಿಪೇರಿಯವನು ಪವರ್ ಬ್ಯಾಂಕ್ ತಿರುಗಿಸಿ ನೋಡಿ ನಕ್ಕ, ಕೆಟ್ಟಿಲ್ಲ ಕಣಮ್ಮಾ, ಆ ಡಬ್ಬಿ ಕೇಳೋದೇ ಒಂಚೂರು ಕರೆಂಟು, ಅಷ್ಟು ಕಮ್ಮಿ ಕೇಳಿದ್ರೆ ಯಾರೂ ಇಲ್ಲ ಅಂದ್ಕೊಂಡು ಇದು ಆಫ್ ಆಗತ್ತೆ, ಜೊತೆಗೆ ನಿನ್ ಫೋನೂ ಹಾಕು — ಕಮ್ಮಿ ಕೇಳಿದರೆ ಯಾರೂ ಇಲ್ಲ ಅಂದುಕೊಂಡು, ಅಯ್ಯೋ ಅಕ್ಕಾ, ನಮ್ಮ ಮನೆಯೂ ಹಾಗೇ ಅಂದುಕೊಂಡಿತಲ್ಲೇ, ಓಡಿ ಬಂದು ಫೋನನ್ನು ಇನ್ನೊಂದು ತೂತಿಗೆ ಸಿಕ್ಕಿಸುತ್ತೇನೆ, ದೀಪ ಹೊತ್ತಿತು, ಈಗ ಆರುತ್ತದೆ, ಈಗ, ಇಲ್ಲ, ಇದೆ, ನನ್ನ ಫೋನು ಗಬಗಬ ಕುಡಿಯುತ್ತಿದೆ, ಅದರ ನೆಪದಲ್ಲಿ ಅಕ್ಕನ ಡಬ್ಬಿಗೂ ಗುಟುಕು, ಇನ್ನೂ ಇದೆ, ಕಣ್ಣು ಕೀಳಲಾರೆ, ಅಷ್ಟರಲ್ಲಿ ಮೇಜಿನ ಮೇಲೆ ಫೋನು ಕುಣಿಯಿತು, ಅಳಿಯ, ಡಬ್ಬಿಯಿಂದ ಮಿಷನ್ನು ತೆಗೆದು ಅಕ್ಕನ ಕಿವಿಗೆ ಸಿಕ್ಕಿಸಿದೆ, ಫೋನನ್ನು ವೈರಿನ ಸಮೇತ ಹಿಡಿದೆ, ಕೀರಲು ದನಿ, ಬೆಕ್ಕಿನ ಮರಿಯಷ್ಟೇ, ಅಕ್ಕ ಅಲುಗಲಿಲ್ಲ, ಸೂಜಿ ಗುಂಡಿಯೊಳಗೆ ಅರ್ಧ, ಕೇಳಲಿಲ್ಲವೇನೋ, ದೇವರೇ, ಕೇಳಲಿಲ್ಲ — ಅವಳು ನನ್ನ ಮಣಿಕಟ್ಟು ಹಿಡಿದಳು, ಬಿಗಿಯಾಗಿ, ಇನ್ನೊಂದ್ಸಲ, ಅವನಿಗೆ ಹೇಳೇ, ನಂಗೆ ಇನ್ನೊಂದ್ಸಲ ಬೇಕು. ಕೇಳಿದಳು. ಅಕ್ಕ ಕೇಳಿದಳು. ಮೇಜಿನ ಮೇಲೆ ನೀಲಿ ದೀಪ, ಆರಿಲ್ಲ, ನೀಲಿ ದೀಪ