ಅಳು ಬರಿಸುವ ಪುಸ್ತಕ ಬೇಕು

“ಇನ್ನೇನು, ಮನೆಗೆ ಹೋಗೋದೇ.” ಆಸ್ಪತ್ರೆಯಲ್ಲಿ ಹೆಂಡತಿಯ ಮಂಚದ ಪಕ್ಕ ಕೂತಾಗಲೆಲ್ಲ ದರ್ಜಿ ಹೇಳುತ್ತಿದ್ದ ಮಾತು ಇದೊಂದೇ. ಕಾಯಿಲೆ ಕೈಮೀರಿದೆ ಎಂದು ವೈದ್ಯರು ಇಬ್ಬರಿಗೂ ಹೇಳಿದ್ದರು. ಆದರೆ ಅವನು ಅದನ್ನು ಬಾಯಿಬಿಟ್ಟು ಆಡಲಿಲ್ಲ, ಅವಳಿಗೂ ಆಡಲು ಬಿಡಲಿಲ್ಲ. ಮಗಳನ್ನು ತನ್ನ ಅಕ್ಕನ ಮನೆಯಲ್ಲಿ ಬಿಟ್ಟು, ಅಮ್ಮ ಬೇಗ ಬರುತ್ತಾಳೆ ಎಂದು ನಂಬಿಸಿದ್ದ.

ಒಂದು ಮಧ್ಯಾಹ್ನ ದಿಂಬಿನ ಪಕ್ಕ ಪುಸ್ತಕವೊಂದು ಕಂಡಿತು. ಹಿಂದಿನ ರಟ್ಟು ತಿರುಗಿಸಿ ನೋಡಿದ. ಚಿಕ್ಕ ಮಗುವನ್ನು ಬಿಟ್ಟು ತೀರಿಕೊಳ್ಳುವ ತಾಯಿಯ ಕಥೆ! ವಾರ್ಡಿನಲ್ಲಿ ಪುಸ್ತಕದ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಆಸ್ಪತ್ರೆಯ ಗ್ರಂಥಪಾಲಕಿಯನ್ನು ತಡೆದ.

“ಏನ್ ಮೇಡಂ, ಗಾಯದ ಮೇಲೆ ಬರೆ ಎಳೀತೀರಾ? ನಗಿಸೋ ಪುಸ್ತಕ ಒಂದೂ ಇಲ್ವಾ ನಿಮ್ಮ ಗಾಡೀಲಿ?”

“ಇದೆಯಪ್ಪ. ಮೊದಲು ಅದನ್ನೇ ಕೊಟ್ಟೆ. ‘ನನ್ನ ಮುಂದೆ ಎಲ್ರೂ ನಗ್ತಾನೇ ಇರ್ತಾರೆ, ಅಳು ಬರೋ ಪುಸ್ತಕ ಕೊಡಿ’ ಅಂದ್ರು. ಡಾಕ್ಟರನ್ನ ಕೇಳಿಯೇ ಕೊಟ್ಟಿದ್ದೀನಿ.”

“ಓದಿದ್ರೆ ಕಾಯಿಲೆ ವಾಸಿಯಾಗುತ್ತಾ?”

“ಇಲ್ಲ. ಔಷಧಿ ಕೆಲಸ ಔಷಧೀದೇ. ಬಾಯಿಗೆ ಬಾರದ ಮಾತು ಕಥೇಲಿ ಸಿಕ್ಕಿದ್ರೆ ಎದೆ ಹಗುರ ಆಗುತ್ತೆ, ಅಷ್ಟೇ. ಅವರಿಗೆ ಕಣ್ಣು ಮಂಜು. ನೀವೇ ಓದಿ ಹೇಳಿ.”

“ನಾನಾ? ಅಳತೆ ಟೇಪು ಬಿಟ್ಟು ಬೇರೇನೂ ಓದಿದವನಲ್ಲ.”

“ಓದ್ರೀ,” ಎಂದಳು ಹೆಂಡತಿ. “ತಪ್ಪಾದ್ರೆ ಬಿಚ್ಚಿ ಹೊಲೀರಿ.”

ತಡವರಿಸುತ್ತ ಓದಿದ. ಕಥೆಯ ತಾಯಿ ಮಗುವಿಗೆ ತಲೆ ಬಾಚಿಕೊಳ್ಳುವುದನ್ನು ಕಲಿಸುವ ಪುಟ ಬಂತು. ಓದು ನಿಲ್ಲಿಸಿ ಪುಸ್ತಕ ಮಡಚಿದ.

“ಇವಳಿಗೆ ಮಗು ಹತ್ರ ಮಾತಾಡೋಕೆ ಆಯ್ತು. ನನಗೆ?” ಎಂದಳು ಹೆಂಡತಿ.

“ಮಗು ಹೆದರುತ್ತೆ ಕಣೇ.”

“ಏನೂ ಹೇಳದೆ ಹೋದ್ರೆ, ಅಮ್ಮ ಬಿಟ್ಟು ಹೋದ್ಲು ಅಂದ್ಕೊಳ್ಳುತ್ತೆ.”

ಆ ದಿನ ಇಬ್ಬರೂ ಮೊದಲ ಸಲ ಒಟ್ಟಿಗೆ ಅತ್ತರು.

ಮರುದಿನ ದರ್ಜಿ ಮಗಳನ್ನು ಕರೆತಂದ. ಗ್ರಂಥಪಾಲಕಿ ಕಾಯಿಲೆಬಿದ್ದ ಅಮ್ಮನ ಕಥೆಯಿರುವ ಚಿತ್ರದ ಪುಸ್ತಕವೊಂದನ್ನು ಕೊಟ್ಟು, ಮಂಚದ ಸುತ್ತ ಪರದೆ ಎಳೆದು ಹೋದರು. ತಾಯಿ ಮಗಳು ನಿಧಾನವಾಗಿ ಪುಟ ತಿರುವಿದರು.

“ಅಮ್ಮಾ, ನೀನು ವಾಸಿಯಾಗಲ್ವಾ?”

“ಇಲ್ಲ ಕಂದ.”

“ನಾನು ಹಟ ಮಾಡಿದ್ದಕ್ಕಾ?”

“ಅಯ್ಯೋ, ಅಲ್ಲ ಚಿನ್ನ. ನಿನ್ನಿಂದ ಏನೂ ಆಗಿಲ್ಲ.”

ಪರದೆಯಾಚೆ ನಿಂತಿದ್ದ ದರ್ಜಿ ಬಾಯಿಗೆ ಕೈ ಅಡ್ಡ ಹಿಡಿದ. ಮಗು ಹೀಗೆಂದುಕೊಂಡಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಮುಂದಿನ ವಾರ ಆ ಮಂಚ ಖಾಲಿಯಾಯಿತು.

ನಿಮ್ಮವರು ಆಸ್ಪತ್ರೆಯಲ್ಲಿದ್ದಾರೆಯೇ? ಅಲ್ಲಿ ಗ್ರಂಥಾಲಯ ಇದೆಯೇ, ವಿಚಾರಿಸಿ. ಇಲ್ಲವಾದರೆ ಬೇಕೆಂದು ಕೇಳಿ. ಯಾವ ಪುಸ್ತಕ ಒಳ್ಳೆಯದೆಂದು ನೀವೇ ತೀರ್ಮಾನಿಸಬೇಡಿ, ಮಲಗಿರುವವರನ್ನು ಕೇಳಿ. ಓದಲಾಗದವರಿಗೆ ಓದಿ ಹೇಳಿ. ಓದುತ್ತ ಅಳು ಬಂದರೆ ಬರಲಿ. ಅವರು ಏನೋ ಹೇಳಲು ಕಾಯುತ್ತಿರಬಹುದು. ಕೇಳಿಸಿಕೊಳ್ಳಲು ಇವತ್ತೇ ಹೋಗಿ.